ದಪ್ಪ ಹಿಡಿಯ ಚಮಚ

ಆ ಮನೆಗೆ ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೆ ನನ್ನ ಬಗ್ಗೆ ಒಂದು ಹೆಮ್ಮೆಯಿತ್ತು. ಕೈಲಾಗದ ಆರು ಜನಕ್ಕೆ ನಾನೊಬ್ಬಳೇ ಅರ್ಧ ಗಂಟೆಯೊಳಗೆ ಊಟ ಮಾಡಿಸಿ ಮುಗಿಸುತ್ತಿದ್ದೆ. ಒಬ್ಬರು ಅಗಿಯುವಷ್ಟರಲ್ಲಿ ಪಕ್ಕದವರ ಬಾಯಿಗೆ ತುತ್ತು, ಅವರು ನುಂಗುವಷ್ಟರಲ್ಲಿ ಮುಂದಿನವರಿಗೆ. ಸೀರೆಯ ಮೇಲೆ ಒಂದು ಹನಿ ಸಾರು ಬೀಳುತ್ತಿರಲಿಲ್ಲ. ವ್ಯವಸ್ಥಾಪಕರು ಬಂದ ಅತಿಥಿಗಳಿಗೆಲ್ಲ ನನ್ನನ್ನು ತೋರಿಸಿ, "ನಮ್ಮ ನರ್ಸಮ್ಮ ಬಂದ್ ಮ್ಯಾಲೆ ಊಟದ ಗದ್ದಲ ಇಲ್ಲ ನೋಡ್ರಿ" ಎನ್ನುತ್ತಿದ್ದರು.

ನಾನು ಪೂರ್ತಿ ನರ್ಸ್ ಅಲ್ಲ. ಆಸ್ಪತ್ರೆಯಲ್ಲಿ ಒಂದೂವರೆ ವರ್ಷ ತರಬೇತಿ ಪಡೆದು, ಅಪ್ಪನ ಕಾಯಿಲೆಯಿಂದಾಗಿ ಅರ್ಧಕ್ಕೆ ಬಿಟ್ಟು ದಾವಣಗೆರೆಗೆ ವಾಪಸು ಬಂದವಳು. ಊರಿನ ಕೆಲವು ವರ್ತಕರು ಸೇರಿ ನಡೆಸುತ್ತಿದ್ದ ಅಶಕ್ತರ ಮನೆಯಲ್ಲಿ ಜಾಗ ಖಾಲಿ ಇದೆಯೆಂದು ಯಾರೋ ಹೇಳಿದರು. ಈಗಿನ ಕೆ.ಬಿ. ಬಡಾವಣೆಯ ಅಂಚಿನಲ್ಲಿ ಒಂದು ಹಳೆಯ ಹತ್ತಿ ಗೋದಾಮಿತ್ತು. ಅದಕ್ಕೆ ಕಿಟಕಿ ಕೊರೆಸಿ, ಸುಣ್ಣ ಬಳಿಸಿ, ಹದಿನಾರು ಮಂಚ ಹಾಕಿದ್ದರು. ಅದೇ ಮನೆ. ಗೋಡೆಯ ಸಂದಿನಲ್ಲಿ ಎಷ್ಟು ಗುಡಿಸಿದರೂ ಹತ್ತಿಯ ಎಳೆ ಸಿಗುತ್ತಿತ್ತು. ಮಿಲ್ಲಿನ ಸೈರನ್ ಕೂಗಿದಾಗ ನಾವು ಮಧ್ಯಾಹ್ನದ ಊಟಕ್ಕೆ ಕೂರಿಸುತ್ತಿದ್ದೆವು.

ಆ ಆರು ಜನರಲ್ಲಿ ಒಬ್ಬರು ಹರಿಹರದಿಂದ ಬಂದ ಅಜ್ಜಿ. ಹರಿಹರದ ಸ್ಟೇಷನ್ನಿನ ಹತ್ತಿರ ಇಪ್ಪತ್ತು ವರ್ಷ ಖಾನಾವಳಿ ನಡೆಸಿದ್ದವರು. ಯಂತ್ರದ ಕಾರ್ಖಾನೆಗೆ ಕೆಲಸಕ್ಕೆ ಬಂದ ಹುಡುಗರು, ರೈಲಿನವರು, ಕೋರ್ಟಿನ ಗುಮಾಸ್ತರು ಎಲ್ಲರೂ ಅವರ ಕೈಯ ರೊಟ್ಟಿ ತಿಂದವರೇ. ಮಕ್ಕಳಿರಲಿಲ್ಲ. ಸಂಧಿವಾತ ಬಂದು ಎರಡೂ ಕೈಯ ಬೆರಳುಗಳು ಒಳಕ್ಕೆ ಮಡಚಿಕೊಂಡವು. ರೊಟ್ಟಿ ಬಡಿಯಲಾಗದ ಮೇಲೆ ಖಾನಾವಳಿ ಮುಚ್ಚಿತು, ಬಟ್ಟೆ ಉಡಲಾಗದ ಮೇಲೆ ಇಲ್ಲಿಗೆ ಬಂದರು.

ಅಜ್ಜಿ ತಕರಾರು ಮಾಡುವವರಲ್ಲ. ಬಾಯಿ ತೆರೆ ಎಂದರೆ ತೆರೆಯುವರು. ಆದರೆ ನಾಲ್ಕು ತುತ್ತಿಗೆ ಮುಚ್ಚಿಬಿಡುವರು. ತಿಂಗಳು ತಿಂಗಳಿಗೂ ಇಳಿಯುತ್ತ ಹೋದರು. ರವಿಕೆಯ ತೋಳು ಜೋಲಾಡತೊಡಗಿತು. ಡಾಕ್ಟರು ಬಂದು ನೋಡಿ, ರೋಗವೇನೂ ಇಲ್ಲ, ಹೊಟ್ಟೆಗೆ ಸಾಲದು ಎಂದರು. ಒಂದು ದಿನ ನಾನು ಸಿಟ್ಟು ಮಾಡಿಕೊಂಡೆ.

"ಯಾಕಜ್ಜಿ, ನಾನು ಇಷ್ಟು ಕಷ್ಟಪಟ್ಟು ಉಣಿಸ್ತೀನಿ, ನೀವು ಉಣ್ಣಲ್ಲ ಅಂತೀರಿ."

ಅಜ್ಜಿ ಬಾಯಲ್ಲಿದ್ದ ತುತ್ತು ನುಂಗಿದರು. "ನೀನು ಉಣಿಸ್ತೀ ತಂಗಿ, ಇಲ್ಲ ಅನ್ನಲ್ಲ. ಆದ್ರ ನಾನು ಉಣ್ಣಾದಲ್ಲ ಅದು, ನುಂಗಾದು. ಅನ್ನ ಯಾವಾಗ ಬರ್ತೈತೆ ಅಂತ ನಂಗೆ ಗೊತ್ತಾಗಲ್ಲ. ಬಾಯಾಗೆ ಬಿದ್ ಮ್ಯಾಲೆ ಗೊತ್ತಾಗ್ತೈತೆ."

ಅಂದು ನಾನು ಮನೆಗೆ ನಡೆದು ಹೋಗುವಾಗ ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಇತ್ತು. ಊಟಕ್ಕೆ ಕೂತು ಅಮ್ಮನಿಗೆ, ನನಗೆ ನಾಲ್ಕು ತುತ್ತು ಉಣಿಸು ಎಂದೆ. ಅಮ್ಮ ಹುಚ್ಚು ಹಿಡಿದಿದೆಯೇ ಎಂದು ಬೈಯುತ್ತಲೇ ಉಣಿಸಿದಳು. ಕಣ್ಣು ಮುಚ್ಚಿಕೊಂಡಿದ್ದೆ. ಮೂರನೆಯ ತುತ್ತಿಗೆ ಸಾಕು ಅನ್ನಿಸಿತು. ಪಲ್ಯ ಯಾವುದು, ಅನ್ನ ಯಾವುದು ಎಂದು ತಿಳಿಯುವ ಮೊದಲೇ ಗಂಟಲಿಗಿಳಿದಿತ್ತು.

ಅದಾದ ಕೆಲವೇ ದಿನಕ್ಕೆ ಅಡುಗೆಮನೆಯ ಜಗುಲಿಯಲ್ಲಿ ಒಂದು ಸಂಗತಿ ನೋಡಿದೆ. ಅಡುಗೆಯಾಕೆ ಹೀರೇಕಾಯಿ ಹೆರೆಯುತ್ತಿದ್ದಳು. ಅಜ್ಜಿ ಬೇಸರ ಕಳೆಯಲು ಪಕ್ಕದಲ್ಲಿ ಕೂತಿದ್ದರು. ಒಂದು ಹೀರೇಕಾಯಿ ಉರುಳಿ ಅವರ ಮಡಿಲಿಗೆ ಬಂತು. ಅಜ್ಜಿ ಅದನ್ನು ತಮ್ಮ ಮಡಚಿದ ಬೆರಳುಗಳ ನಡುವೆ ತೂರಿಸಿ, ಅಂಗೈಗೆ ಒತ್ತಿ ಹಿಡಿದು ಅಡುಗೆಯಾಕೆಯ ಕಡೆಗೆ ಚಾಚಿದರು. ಕೈ ನಡುಗಲಿಲ್ಲ, ಕಾಯಿ ಜಾರಲಿಲ್ಲ. ಸಣ್ಣ ಚಮಚವನ್ನು ಹಿಡಿಯಲಾರದ ಕೈ ಅಷ್ಟು ದಪ್ಪದ ಕಾಯಿಯನ್ನು ಹಿಡಿದಿತ್ತು.

ನಾನು ಒಳಗೆ ಹೋಗಿ ಔಷಧದ ಪೆಟ್ಟಿಗೆಯಲ್ಲಿದ್ದ ಚಮಚ ತಂದೆ. ಅದರ ಹಿಡಿಗೆ ಹಳೆಯ ಪಂಚೆಯ ಪಟ್ಟಿ ಸುತ್ತಿ ಸುತ್ತಿ ಹೀರೇಕಾಯಿಯಷ್ಟು ದಪ್ಪ ಮಾಡಿ ದಾರ ಕಟ್ಟಿದೆ. ಮಧ್ಯಾಹ್ನ ಅಜ್ಜಿಯ ಕೈಗೆ ಕೊಟ್ಟೆ.

"ಏನಿದು?"

"ಹಿಡೀರಿ ನೋಡಾಣ."

ಹಿಡಿದರು. ಅನ್ನಕ್ಕೆ ಅದ್ದಿದರು. ಚಮಚ ಮೇಲಕ್ಕೆ ಬಂತು, ಎದೆಯ ಮಟ್ಟಕ್ಕೆ ಬಂತು. ಬಾಯಿಯ ಹತ್ತಿರ ತಿರುಗಬೇಕಾದಲ್ಲಿ ಮಣಿಕಟ್ಟು ತಿರುಗಲಿಲ್ಲ. ಅನ್ನವೆಲ್ಲ ಮಡಿಲಿಗೆ ಸುರಿಯಿತು. ಎರಡನೆಯ ಸಲವೂ ಹಾಗೇ. ಮೂರನೆಯ ಸಲಕ್ಕೆ ಸುತ್ತಿದ ಬಟ್ಟೆ ಸಾರಿನಲ್ಲಿ ನೆಂದು ಜಾರತೊಡಗಿತು. ಪಕ್ಕದ ಸಾಲಿನಲ್ಲಿ ಯಾರೋ ನಕ್ಕರು. ಅಜ್ಜಿ ಚಮಚವನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು, "ಬ್ಯಾಡ ಬಿಡು ತಂಗಿ. ಸಣ್ಣ ಮಕ್ಳಂಗೆ ಚೆಲ್ಕೊಂಡು ಕೂತ್ಕೊಳಾದಕ್ಕಿಂತ ನೀನೇ ಹಾಕು" ಎಂದರು. ಅವರ ಮಡಿಲನ್ನು ಒರೆಸುವಾಗ ನನಗೆ ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

ಅಜ್ಜಿಯನ್ನು ನೋಡಲು ಬರುತ್ತಿದ್ದವರು ಒಬ್ಬರೇ. ಹರಿಹರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ, ನಲವತ್ತರ ಸಮೀಪದ ಮನುಷ್ಯ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇನ್ನೂ ಮದುವೆಯಾಗದಿದ್ದಾಗ, ಆರು ವರ್ಷ ಅಜ್ಜಿಯ ಖಾನಾವಳಿಯಲ್ಲಿ ಉಂಡವರು. ತಿಂಗಳಿಗೆ ಎರಡು ಭಾನುವಾರ ರೈಲು ಹತ್ತಿ ಬಂದು, ಒಂದು ಪೊಟ್ಟಣ ಮಂಡಕ್ಕಿ ತಂದು, ಅಜ್ಜಿಯ ಮಂಚದ ಪಕ್ಕ ಕೂತು, ಹೆಚ್ಚು ಮಾತಾಡದೆ ಹೋಗುತ್ತಿದ್ದರು. ಆ ಭಾನುವಾರ ಅವರನ್ನು ಜಗುಲಿಗೆ ಕರೆದು ಬಟ್ಟೆ ಸುತ್ತಿದ ಚಮಚ ತೋರಿಸಿ ನಡೆದದ್ದು ಹೇಳಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅವ್ರ ಊಟದ ಹೊತ್ತಿಗೆ ನಾನು ಇಲ್ಲೇ ಇರಬಹುದಾ?"

"ಇರ್ರಿ. ಆದ್ರೆ ಅಜ್ಜಿ ನಾಚ್ಕೋತಾರೆ."

"ಅಂಗಾರೆ ನಂಗೂ ಒಂದು ತಟ್ಟೆ ಹಾಕ್ರಿ. ಅವ್ರ ಎದುರಿಗೆ."

ಊಟಕ್ಕೆ ಕೂತಾಗ ಅವರು ಜೇಬಿನಿಂದ ಒಂದು ಉದ್ದನೆಯ ಬಟ್ಟೆ ತೆಗೆದು ನನಗೆ ಕೊಟ್ಟರು. ತಮ್ಮ ಬಲಗೈಯ ಬೆರಳುಗಳನ್ನು ಅಜ್ಜಿಯ ಬೆರಳಿನ ಹಾಗೆ ಮಡಚಿ, "ಇದು ಬಿಚ್ಕೊಳ್ದಂಗೆ ಬಿಗೀರಿ. ಮಣಿಕಟ್ಟೂ ಅಲುಗಾಡಬಾರ್ದು" ಎಂದರು. ನಾನು ಮಣಿಕಟ್ಟಿಗೆ ಒಂದು ಕಡ್ಡಿ ಇಟ್ಟು ಕಟ್ಟಿದೆ. ಮೊಸರನ್ನ ಬಡಿಸಿದ್ದೆ. ಅವರು ಆ ಕಟ್ಟಿದ ಕೈಯಲ್ಲಿ ಚಮಚ ಹಿಡಿದು ಉಣ್ಣಲು ಹೊರಟರು. ಅಂಗಿಯ ಮೇಲೆಲ್ಲ ಮೊಸರು. ಗಲ್ಲಕ್ಕೆ, ಮೀಸೆಗೆ ಅನ್ನ. ಅಜ್ಜಿ ಮೊದಲು ಗಾಬರಿಯಿಂದ ನೋಡಿದರು, ಆಮೇಲೆ ನಗಲು ಶುರುಮಾಡಿದರು. ನಾನು ಆ ಮನೆಗೆ ಬಂದ ಮೇಲೆ ಅವರು ನಕ್ಕದ್ದನ್ನು ಅದೇ ಮೊದಲು ಕಂಡದ್ದು.

"ಯಾಕೋ, ಇಷ್ಟು ವರ್ಷ ನನ್ನ ಮನ್ಯಾಗೆ ಉಂಡು ಉಣ್ಣಾದು ಕಲೀಲಿಲ್ವೇನೋ?"

ಫಿಟ್ಟರ್ ನಗಲಿಲ್ಲ. ಅವರ ಗಮನವೆಲ್ಲ ಕೈಯ ಮೇಲಿತ್ತು. "ಕೈ ತಿರುಗಲ್ಲ ಅಂದ್ರೆ ಚಮಚನೇ ತಿರುಗಿರಬೇಕು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಊಟ ಮುಗಿದ ಮೇಲೆ ಅಜ್ಜಿಯ ಕೈಯನ್ನು ಒಂದು ಕಾಗದದ ಮೇಲಿಡಿಸಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದುಕೊಂಡರು. ಮಡಚಿದ ಬೆರಳಿಗೂ ಅಂಗೈಗೂ ನಡುವೆ ಎಷ್ಟು ಸಂದಿದೆಯೆಂದು ಕಡ್ಡಿ ಇಟ್ಟು ಅಳೆದರು. ತಟ್ಟೆಯಿಂದ ಬಾಯಿಗೆ ಎಷ್ಟು ದೂರವೆಂದು ದಾರ ಹಿಡಿದು ಗಂಟು ಹಾಕಿಕೊಂಡರು. ಅಜ್ಜಿ, "ದರ್ಜಿ ಆದೇನೋ ನೀನು" ಎಂದರು.

ಮುಂದಿನ ಭಾನುವಾರವೇ ಮೊದಲ ಚಮಚ ಬಂತು. ಬಾಯಿಯ ಕಡೆಗೆ ಸೊಗಸಾಗಿ ಬಾಗಿತ್ತು, ಹಿಡಿ ಕಬ್ಬಿಣದ ಕೊಳವೆಯದು. ಆದರೆ ಅಜ್ಜಿಗೆ ಅದನ್ನು ಮೂರು ಸಲ ಎತ್ತುವಷ್ಟರಲ್ಲಿ ತೋಳು ಸೋತಿತು. ಫಿಟ್ಟರ್ ಅದನ್ನು ಜೇಬಿಗಿಟ್ಟುಕೊಂಡು ಹೋದರು. ಎರಡನೆಯದರ ಹಿಡಿ ಹಾಲವಾಣದ ಮರದ್ದು. ಆ ಮರ ಹೂವಿನಷ್ಟು ಹಗುರ. ಚಮಚ ಅಲ್ಯುಮಿನಿಯಂನದು. ಹಿಡಿತ ಸರಿಹೋಯಿತು, ಭಾರ ಸರಿಹೋಯಿತು. ಆದರೆ ಬಾಗು ಸ್ವಲ್ಪ ಹೆಚ್ಚಾಗಿ ಅನ್ನ ಬಾಯಿಯ ಬದಲು ಕೆನ್ನೆಗೆ ತಾಗುತ್ತಿತ್ತು. ಜೊತೆಗೆ ಎರಡು ದಿನ ತೊಳೆಯುವಷ್ಟರಲ್ಲಿ ಮರ ನೀರು ಕುಡಿದು ಉಬ್ಬಿ ಸೀಳು ಬಿಟ್ಟಿತು.

ಇನ್ನೊಂದು ಭಾನುವಾರದವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ವಾರದ ರಜೆಯ ದಿನ ಚಮಚವನ್ನು ಕೈಚೀಲದಲ್ಲಿಟ್ಟುಕೊಂಡು ಹರಿಹರದ ರೈಲು ಹತ್ತಿದೆ. ಅವರ ಮನೆ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿತ್ತು. ಅವರು ಮೊದಲ ಪಾಳಿ ಮುಗಿಸಿ ಆಗತಾನೆ ಬಂದಿದ್ದರು. ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಒಂದು ಹಲಗೆ, ಅದಕ್ಕೆ ಬಿಗಿದ ಇಕ್ಕಳ, ಅರ, ಸುತ್ತಿಗೆ. ಹಲಗೆಯ ಮೇಲೆ ಏಳೆಂಟು ಚಮಚಗಳು ಬಿದ್ದಿದ್ದವು. ಒಂದೊಂದು ಒಂದೊಂದು ಥರ ಬಾಗಿದ್ದವು. ನಮಗೆ ತೋರಿಸಿದ್ದು ಎರಡೇ, ಆದರೆ ಅವರು ಇಷ್ಟು ಮಾಡಿ ಬಿಸಾಡಿದ್ದರು.

ನಾನು ಬಾಗಿನ ವಿಷಯ ಹೇಳಿದೆ. ಅವರು ಅಳತೆಯ ದಾರ ತೆಗೆದು ನೋಡಿ, ಚಮಚವನ್ನು ಇಕ್ಕಳಕ್ಕೆ ಕೊಟ್ಟು ಒಂದು ಅಕ್ಕಿಕಾಳಿನಷ್ಟು ಹಿಂದಕ್ಕೆ ಮಣಿಸಿದರು. ಮರ ಸೀಳಿದ್ದಕ್ಕೆ ಅವರಿಗೂ ಉಪಾಯ ಹೊಳೆಯಲಿಲ್ಲ. ವಾರ್ನಿಷ್ ಬಳಿಯೋಣವೆಂದರೆ ಬಾಯಿಗೆ ಹೋಗುವ ವಸ್ತು, ಅದು ಬೇಡ ಎಂದು ಇಬ್ಬರೂ ಯೋಚಿಸುತ್ತ ಕೂತಿದ್ದೆವು. ಅವರ ಹೆಂಡತಿ ಚಹಾ ತಂದವರು ಆ ಹಿಡಿಯನ್ನು ಎತ್ತಿ ನೋಡಿದರು.

"ಹಳ್ಯಾಗೆ ನಮ್ಮವ್ವ ಮರದ ಸವುಟಿಗೆ ಹರಳೆಣ್ಣಿ ಕುಡಿಸ್ತಿದ್ಲು. ಎಂಟು ದಿನ ಎಣ್ಣ್ಯಾಗೆ ನೆನೆಹಾಕಿ ಬಿಸಲಿಗೆ ಒಣಗಿಸಿದ್ರೆ ಆಮ್ಯಾಲೆ ನೀರು ಕುಡಿಯಂಗಿಲ್ಲ."

ಫಿಟ್ಟರ್ ಹೆಂಡತಿಯ ಮುಖ ನೋಡಿದರು. "ಇದನ್ನ ಮೊದ್ಲೇ ಹೇಳಬಾರ್ದಾಗಿತ್ತಾ?"

"ನೀವು ಕೇಳಿದ್ರಾ?"

ಮೂರನೆಯ ಚಮಚ ಬರಲು ಎರಡು ವಾರ ಹಿಡಿಯಿತು. ಈ ಸಲ ಹಿಡಿಯ ಮೇಲೆ ಒಂದು ತೆಳು ಚರ್ಮದ ಪಟ್ಟಿಯೂ ಇತ್ತು, ಬೆರಳು ಸಡಿಲವಾದರೂ ಚಮಚ ಬೀಳದಿರಲೆಂದು. ಅಂದು ಅನ್ನ, ಬೇಳೆಸಾರು. ಅಜ್ಜಿ ಸೆರಗನ್ನು ಸರಿಮಾಡಿಸಿಕೊಂಡು ಕೂತರು. ಚಮಚ ತಟ್ಟೆಗೆ ಇಳಿಯಿತು, ಮೇಲೆ ಬಂತು, ಬಾಯಿಗೆ ಹೋಯಿತು. ಮತ್ತೆ ಇಳಿಯಿತು. ನಾನು ಪಕ್ಕದಲ್ಲಿ ಕೂತು ನನ್ನ ಎರಡೂ ಕೈಗಳನ್ನು ಮೊಣಕಾಲಿನ ಕೆಳಗೆ ಸಿಕ್ಕಿಸಿಕೊಂಡಿದ್ದೆ. ಇಲ್ಲದಿದ್ದರೆ ಅವು ತಾವಾಗಿಯೇ ಸಹಾಯಕ್ಕೆ ಹೋಗುತ್ತಿದ್ದವು. ಆರು ಜನಕ್ಕೆ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದವಳಿಗೆ ಒಬ್ಬರು ಒಂದು ತುತ್ತು ಎತ್ತುವುದನ್ನು ನೋಡುತ್ತ ಸುಮ್ಮನೆ ಕೂರುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು.

ಐದಾರು ತುತ್ತು ಆದ ಮೇಲೆ ಅಜ್ಜಿ ನಿಲ್ಲಿಸಿದರು. ನಾನು ಮೊಣಕಾಲಿನ ಕೆಳಗಿಂದ ಕೈ ಹೊರತೆಗೆದೆ.

"ಯಾಕಜ್ಜಿ, ಕೈ ನೋಯ್ತೈತಾ?"

"ಕೈಯಲ್ಲ. ಸಾರಿಗೆ ಉಪ್ಪು ಕಡಿಮೆ ಆಗೈತೆ. ಹುಳಿನೂ ಕೊನೀಗೆ ಹಾಕ್ಯಾಳೆ, ಕುದ್ದಿಲ್ಲ."

ಒಂದು ವರ್ಷದಲ್ಲಿ ಅಜ್ಜಿ ಅಡುಗೆಯ ರುಚಿಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಇಪ್ಪತ್ತು ವರ್ಷ ಖಾನಾವಳಿ ನಡೆಸಿದವರು. ನಾನು ಎದ್ದು ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತಂದೆ. ತರುವಾಗ ಕಣ್ಣು ಒರೆಸಿಕೊಂಡೆ, ಅಡುಗೆಯಾಕೆ ಒಗ್ಗರಣೆಯ ಹೊಗೆ ಎಂದುಕೊಂಡಳು. ಅಂದು ಅಜ್ಜಿಯ ಊಟ ಮುಗಿಯಲು ಮುಕ್ಕಾಲು ಗಂಟೆಯ ಮೇಲಾಯಿತು. ತಟ್ಟೆಯ ಸುತ್ತ ಚೆಲ್ಲಿತ್ತು. ಆದರೆ ತಟ್ಟೆ ಖಾಲಿಯಾಗಿತ್ತು.

ವ್ಯವಸ್ಥಾಪಕರಿಗೆ ಇದು ಹಿಡಿಸಲಿಲ್ಲ. ಕೆಟ್ಟವರಲ್ಲ, ಶಿಸ್ತಿನ ಮನುಷ್ಯ. ಊಟದ ಮನೆ ಎರಡು ಗಂಟೆಯಾದರೂ ತೊಳೆದಾಗುವುದಿಲ್ಲ, ನೆಲದ ಮೇಲೆ ಅನ್ನ ಬಿದ್ದಿರುತ್ತದೆ ಎಂಬುದು ಅವರ ದೂರು.

"ನರ್ಸಮ್ಮ, ಉಣಿಸಾಕೆ ಅಂತಾನೇ ನಿಮ್ಮನ್ನ ಇಟ್ಕಂಡೀವಿ. ಯಾರಾದ್ರೂ ದೊಡ್ಡವ್ರು ಬಂದಾಗ ಈ ಮುದುಕಿ ಮೈಮ್ಯಾಲೆ ಚೆಲ್ಕೊಂಡು ಕೂತಿದ್ರೆ ನಾವು ನೋಡ್ಕೊಳ್ತಿಲ್ಲ ಅಂತಾರೆ."

"ಸಾರ್, ಅಜ್ಜಿ ಒಂದು ತಿಂಗಳಲ್ಲಿ ಹೆಂಗಾಗ್ಯಾರೆ ನೋಡ್ರಿ."

ಅವರು ಕಿಟಕಿಯಿಂದ ಒಳಗೆ ನೋಡಿದರು. ಅಜ್ಜಿಯ ಮುಖ ತುಂಬಿಕೊಳ್ಳುತ್ತಿತ್ತು. "ಒಬ್ರಿಗೆ ಆತು. ಎಲ್ರಿಗೂ ಶುರು ಮಾಡ್ಬ್ಯಾಡ್ರಿ" ಎಂದು ಹೋದರು.

ನಾನು ಆ ಮಾತನ್ನು ಪಾಲಿಸಲಿಲ್ಲ. ನನ್ನ ಮನಸ್ಸಿನಲ್ಲಿ ಆಗಲೇ ಇನ್ನೊಬ್ಬರಿದ್ದರು. ಹತ್ತಿ ಮಂಡಿಯಲ್ಲಿ ದಲಾಲಿಯಾಗಿದ್ದ ಅಜ್ಜ. ಊರಿನ ಹಳೆಯ ವರ್ತಕರ ಮನೆತನ, ಲಿಂಗವಂತರು. ಮಾತಿಗೆ ತೂಕವಿದ್ದ ಮನುಷ್ಯ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ಮಾತ್ರ ನಿಧಾನವಾಗಿ ಮರಳಿತ್ತು. ಅವರು ಎಲ್ಲರ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ಮೂಲೆಯ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಕೂರುವರು, ನಾನು ಹಿಂದಿನಿಂದ ಬಾಗಿ ತುತ್ತು ಇಡಬೇಕು. ನಾನು ಅವರ ಮುಖವನ್ನು ಊಟದ ಹೊತ್ತಿನಲ್ಲಿ ನೋಡಿದ್ದೇ ಇಲ್ಲ.

ಅವರ ಎಡಗೈ ಚೆನ್ನಾಗಿತ್ತು. ಒಂದು ಕೈಯಲ್ಲಿ ಉಣ್ಣುವವರಿಗೆ ಇನ್ನೊಂದು ತೊಂದರೆ ಇದೆ: ತಟ್ಟೆ ಹಿಡಿದುಕೊಳ್ಳುವ ಕೈ ಇರುವುದಿಲ್ಲ. ಅನ್ನ ದೂಡಿದಷ್ಟೂ ಅಂಚಿನಾಚೆ ಹೋಗುತ್ತದೆ. ನಾನು ಇದನ್ನು ಫಿಟ್ಟರಿಗೆ ಹೇಳಿದೆ. ಅವರು ಅಲ್ಯುಮಿನಿಯಂ ತಗಡಿನ ಪಟ್ಟಿಯನ್ನು ಅರ್ಧ ಚಂದ್ರದ ಹಾಗೆ ಬಾಗಿಸಿ, ತಟ್ಟೆಯ ಒಂದು ಬದಿಗೆ ಕಚ್ಚಿಕೊಳ್ಳುವಂತೆ ಮಾಡಿ ತಂದರು. ಎರಡು ಬೆರಳಿನಷ್ಟು ಎತ್ತರದ ಗೋಡೆ. ಅನ್ನವನ್ನು ಅದಕ್ಕೆ ಒತ್ತಿದರೆ ತಾನಾಗಿ ಬೆರಳಿಗೆ ಬರುತ್ತದೆ. ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಸಾಕು.

ತಟ್ಟೆಯನ್ನು ಒಂದು ಚಮಚದೊಂದಿಗೆ ಅಜ್ಜನ ಮುಂದೆ ಇಟ್ಟಾಗ ಅವರು ಅದನ್ನು ನೋಡಿದರು, ತಮ್ಮ ಎಡಗೈ ನೋಡಿದರು, ನನ್ನನ್ನು ನೋಡಿದರು.

"ಎಡಗೈಲಿ ಉಣ್ಣು ಅಂತೀಯೇನವ್ವ ನಂಗೆ?"

"ಚಮಚ ಐತಲ್ರಿ. ಕೈ ಮುಟ್ಟಲ್ಲ."

"ಚಮಚ ಹಿಡಿಯಾದು ಯಾವ ಕೈ? ತಗಂಡು ಹೋಗು."

ಮೂರು ದಿನ ಕೇಳಿದೆ. ಮೂರು ದಿನವೂ ಅದೇ ಉತ್ತರ. ಮೂರನೆಯ ದಿನ ಅವರ ದನಿ ಏರಿತು, ಹಜಾರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ತಟ್ಟೆ ಎತ್ತಿಕೊಂಡು ಬರುತ್ತಿದ್ದೆ. ಆಗ ಹರಿಹರದ ಅಜ್ಜಿ ತಮ್ಮ ಜಾಗದಲ್ಲಿ ಉಣ್ಣುತ್ತಲೇ, ಯಾರನ್ನೂ ನೋಡದೆ ಮಾತಾಡಿದರು.

"ಯಜಮಾನ್ರೆ, ತಪ್ಪಾದ್ರೆ ಹೊಟ್ಟಿಗೆ ಹಾಕ್ಕಳ್ರಿ. ಬೆಳಗಾಗೆದ್ದು ಲಿಂಗಪೂಜಿ ಮಾಡ್ತೀರಲ್ಲ, ಲಿಂಗ ಯಾವ ಕೈಯಾಗೆ ಇಟ್ಕಂತೀರಿ?"

ಹೇಳಿ ಅಜ್ಜಿ ತಮ್ಮ ಚಮಚವನ್ನು ತಟ್ಟೆಗೆ ಇಳಿಸಿದರು. ನಾನು ಎಂದಿನಂತೆ ಅಜ್ಜನ ಹಿಂದೆ ನಿಂತು ಉಣಿಸಲು ಹೋದೆ. ಅಂದು ಅವರು ಬಾಯಿ ತೆರೆಯಲಿಲ್ಲ. ನನಗೆ ಭಯವಾಯಿತು. ಹಿರಿಯರನ್ನು ಎಲ್ಲರೆದುರು ಅವಮಾನ ಮಾಡಿದಂತಾಯಿತೇ, ಅವರ ಕಡೆಯವರು ವ್ಯವಸ್ಥಾಪಕರಿಗೆ ಹೇಳಿದರೆ ನನ್ನ ಕೆಲಸದ ಗತಿಯೇನು ಎಂದು ಅಂದು ಸಂಜೆಯೆಲ್ಲ ಯೋಚನೆ.

ಮರುದಿನ ಬೆಳಿಗ್ಗೆ ಎಂದಿನಂತೆ ಅವರ ಪೂಜೆಗೆ ನೀರು, ವಿಭೂತಿ, ಹೂವು ತಂದಿಟ್ಟೆ. ಬಲಗೈ ಬಿದ್ದ ಮೇಲೆ ಅವರ ಪೂಜೆಯೆಂದರೆ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ನೋಡುತ್ತ ಕೂರುವುದು ಅಷ್ಟೇ. ನೀರೆರೆಯುವ, ಹೂವೇರಿಸುವ ಕೈ ಇರಲಿಲ್ಲ. ಅಂದು ಬಹಳ ಹೊತ್ತು ಕೂತರು. ಉಪ್ಪಿಟ್ಟಿನ ಹೊತ್ತು ಮೀರಿತು. ಕೊನೆಗೆ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯೊಳಗಿಡಲು ನನ್ನ ಕಡೆ ನೋಡಿದರು. ನಾನು ಮುಚ್ಚಳ ತೆರೆದು ಹಿಡಿದೆ, ಅವರೇ ಇಟ್ಟರು.

"ಆ ತಟ್ಟಿ ಎಲ್ಲೈತೆ?"

"ಒಳಗೈತ್ರಿ."

"ತಗಂಬಾ. ಚಮಚ ಬ್ಯಾಡ. ಕೈಲೇ ಉಣ್ತೀನಿ."

ತಂದಿಟ್ಟೆ. ಅವರ ಬೆರಳಿಗೆ ಎಡಗೈಯಲ್ಲಿ ಉಣ್ಣುವ ಅಭ್ಯಾಸವಿರಲಿಲ್ಲ. ಉಪ್ಪಿಟ್ಟಿನ ತುತ್ತು ಕೂಡಿಸುವುದೇ ಕಷ್ಟವಾಯಿತು. ತಗಡಿನ ಗೋಡೆಗೆ ಒತ್ತಿ ಒತ್ತಿ ಬೆರಳಿಗೆ ತೆಗೆದುಕೊಂಡರು. ಅರ್ಧ ಬಿತ್ತು. ಎರಡನೆಯ ತುತ್ತಿಗೆ ಕಾಲುಭಾಗ ಬಿತ್ತು. ಮುಖ ಗೋಡೆಯ ಕಡೆಗೇ ಇತ್ತು. ನಾನು ಈಚೆ ಸರಿದುಬಿಟ್ಟೆ. ಅವರ ಹಿಂದೆ ಇನ್ನು ಯಾರೂ ನಿಲ್ಲಬೇಕಾಗಿರಲಿಲ್ಲ.

ಎಂಟು ಹತ್ತು ದಿನ ಗೋಡೆಗೆ ಮುಖ ಮಾಡಿಯೇ ಉಂಡರು. ಆಮೇಲೆ ಒಂದು ಮಧ್ಯಾಹ್ನ ಸೈರನ್ ಕೂಗಿದಾಗ, ತಮಗೂ ಒಂದು ಮಣೆ ಎಲ್ಲರ ಸಾಲಿನಲ್ಲಿ ಹಾಕಲು ಹೇಳಿದರು. ಅಜ್ಜಿಗೆ ಎದುರಾಗಿ ಜಾಗ ಇತ್ತು, ಅಲ್ಲೇ ಕೂತರು. ಪಲ್ಯ ಬಡಿಸುವಾಗ ಅಜ್ಜಿ ಅಡುಗೆಯಾಕೆಗೆ, "ಯಜಮಾನ್ರಿಗೆ ಬದ್ನಿಕಾಯಿ ಸಣ್ಣಗೆ ಹಿಸುಕಿ ಹಾಕು, ಒಂದು ಕೈ ಅವ್ರದ್ದು" ಎಂದರು. ಅಷ್ಟೇ.

ಆ ಊಟದ ನಡುವೆ ವ್ಯವಸ್ಥಾಪಕರು ಹಜಾರಕ್ಕೆ ಬಂದರು. ದಲಾಲಿ ಅಜ್ಜ ಸಾಲಿನಲ್ಲಿ ಕೂತು ಉಣ್ಣುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತರು. ಅವರ ಚಿಕ್ಕಂದಿನಲ್ಲಿ ಮಂಡಿಯಲ್ಲಿ ಈ ಅಜ್ಜ ನಡೆದುಬಂದರೆ ಜನ ದಾರಿ ಬಿಡುತ್ತಿದ್ದರಂತೆ. ಅಜ್ಜನ ಅಂಗಿಯ ಮೇಲೆ ಎರಡು ಅಗುಳು ಬಿದ್ದಿತ್ತು. ವ್ಯವಸ್ಥಾಪಕರು ಅದನ್ನು ನೋಡಿ, ಬಂದ ದಾರಿಯಲ್ಲೇ ಹೋದರು. ಸಂಜೆ ನನ್ನನ್ನು ಕರೆದು, "ನಾಳೆಯಿಂದ ಊಟಕ್ಕೆ ಅರ್ಧ ಗಂಟೆ ಮುಂಚೆ ಕೂರಿಸ್ರಿ. ತೊಳಿಯಾರಿಗೆ ನಾನು ಹೇಳ್ತೀನಿ" ಎಂದರು. ಹೋಗುವಾಗ ತಿರುಗಿ, "ಆ ಫಿಟ್ಟರ್ ಮುಂದಿನ ಸಾರಿ ಬಂದ್ರೆ ಊಟ ಮಾಡಿಸ್ದೆ ಕಳಿಸ್ಬ್ಯಾಡ್ರಿ" ಎಂದರು.

ಎಲ್ಲರಿಗೂ ಎಲ್ಲವೂ ಆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಒಬ್ಬ ತಾಯಿಗೆ ಮೈಯೆಲ್ಲ ನಡುಕ. ಫಿಟ್ಟರ್ ಅವರಿಗಾಗಿ ಸೀಸ ತುಂಬಿದ ಭಾರದ ಹಿಡಿ ಮಾಡಿದರು, ಎರಡು ಕಿವಿಯಿರುವ ಲೋಟ ಮಾಡಿದರು, ಮೊಣಕೈ ಇಡಲು ಹಲಗೆ ಮಾಡಿದರು. ಯಾವುದೂ ನಿಲ್ಲಲಿಲ್ಲ. ಕೊನೆಗೆ ಆ ತಾಯಿಯೇ, "ನಂಗೆ ನಿನ್ನ ಕೈ ತುತ್ತೇ ಚಂದ ಐತೆ ಮಗಳೆ, ಇವ್ರಿಗೆಲ್ಲ ಇದ್ದಂಗೆ ನಂಗೆ ಹಟ ಇಲ್ಲ" ಎಂದರು. ನಾನು ಅವರಿಗೆ ಉಣಿಸುತ್ತ ಹೋದೆ. ಆದರೆ ಮೊದಲಿನ ಹಾಗಲ್ಲ. ಚಮಚವನ್ನು ಮೊದಲು ಅವರ ಕಣ್ಣೆದುರಿಗೆ ಹಿಡಿದು, ಇದು ಅನ್ನ, ಇದು ಪಲ್ಯ ಎಂದು ಹೇಳಿ, ಅವರು ತಲೆಯಾಡಿಸಿದ ಮೇಲೆ ಬಾಯಿಗೆ. ಎರಡು ಕಿವಿಯ ಲೋಟ ಮಾತ್ರ ವ್ಯರ್ಥವಾಗಲಿಲ್ಲ. ಆರು ಜನರಲ್ಲಿ ಇನ್ನಿಬ್ಬರು ಅದರಲ್ಲಿ ತಾವೇ ಮಜ್ಜಿಗೆ ಕುಡಿಯತೊಡಗಿದರು.

ಅಜ್ಜಿ ಆಮೇಲೆ ನಾಲ್ಕು ವರ್ಷ ಇದ್ದರು. ಉಪ್ಪಿನಿಂದ ಶುರುವಾದದ್ದು ಬೆಳೆಯಿತು. ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕೂತು, ಪ್ರತಿ ಪಾತ್ರೆಯದನ್ನೂ ಬಟ್ಟಲಿಗೆ ಹಾಕಿಸಿಕೊಂಡು, ತಮ್ಮ ಚಮಚದಲ್ಲೇ ರುಚಿ ನೋಡಿ ಹೇಳುವರು. ಅಡುಗೆಯಾಕೆ ಮೊದಲು ಗೊಣಗಿದಳು, ಆಮೇಲೆ ತಾನೇ ಕರೆಯತೊಡಗಿದಳು. ಜೋಳದ ಹಿಟ್ಟಿಗೆ ಎಷ್ಟು ಬಿಸಿಯ ನೀರು, ರೊಟ್ಟಿ ಯಾವಾಗ ಮಗುಚಬೇಕು ಎಂದು ಅಜ್ಜಿ ಹೇಳಿಕೊಟ್ಟ ಮೇಲೆ ನಮ್ಮ ರೊಟ್ಟಿಯೂ ಬಾಯಲ್ಲಿ ಕರಗುವಷ್ಟು ಮೆತ್ತಗಾಯಿತು. ಫಿಟ್ಟರ್ ಭಾನುವಾರ ಬಂದಾಗ, ಇದು ಸ್ಟೇಷನ್ನಿನ ಖಾನಾವಳಿಯ ರೊಟ್ಟಿಯೇ ಎಂದರು. ಕೊನೆಯ ತಿಂಗಳು ಅಜ್ಜಿಯ ತೋಳಿನ ಶಕ್ತಿ ಹೋಯಿತು. ಒಂದು ಮಧ್ಯಾಹ್ನ ಚಮಚವನ್ನು ನನ್ನ ಕೈಗೆ ಕೊಟ್ಟು, "ಇನ್ನು ನೀನೇ ಹಾಕು ತಂಗಿ. ಅವಸರ ಮಾಡ್ಬ್ಯಾಡ ಅಷ್ಟೇ" ಎಂದರು. ನಾನು ಅವಸರ ಮಾಡಲಿಲ್ಲ. ಬೇಸಿಗೆಯ ಒಂದು ಬೆಳಿಗ್ಗೆ, ಮಂಚದ ಮೇಲೆ ಮಲಗಿದ್ದಂತೆಯೇ ಹೋದರು. ಹರಿಹರದಲ್ಲಿ, ಹೊಳೆಯ ದಂಡೆಯಲ್ಲಿ, ಫಿಟ್ಟರ್ ತಾವೇ ಮಗನ ಸ್ಥಾನದಲ್ಲಿ ನಿಂತು ಎಲ್ಲ ಮಾಡಿದರು.

ಅಷ್ಟರಲ್ಲಿ ನಮ್ಮ ಚಮಚದ ಸುದ್ದಿ ಊರಲ್ಲಿ ಅಲ್ಲಲ್ಲಿ ಹರಡಿತ್ತು. ಒಂದು ದಿನ ಒಬ್ಬ ಹೆಂಗಸು ಗಂಡನನ್ನು ಕರೆದುಕೊಂಡು ಬಂದಳು. ಮೂವತ್ತರ ಆಸುಪಾಸಿನ ಮನುಷ್ಯ, ಬಲಗೈಗೆ ಟವೆಲ್ ಸುತ್ತಿಕೊಂಡಿದ್ದ. ಯಂತ್ರಕ್ಕೆ ಸಿಕ್ಕಿ ನಾಲ್ಕು ಬೆರಳು ಹೋಗಿದ್ದವು, ಹೆಬ್ಬೆರಳು ಉಳಿದಿತ್ತು. ಗಾಯ ಮಾಗಿ ತಿಂಗಳುಗಳಾಗಿದ್ದವು.

"ಮನ್ಯಾಗೆ ಯಾರ ಮುಂದೂ ಉಣ್ಣಲ್ರಿ ಇವ್ರು" ಎಂದಳು ಹೆಂಡತಿ. "ಮಕ್ಳು ಮಲಗಿದ ಮ್ಯಾಲೆ ಅಡಿಗಿ ಮನ್ಯಾಗೆ ಒಬ್ರೇ ಕೂತ್ಕಂತಾರೆ."

ಆತ ನೆಲ ನೋಡುತ್ತ ನಿಂತಿದ್ದ. ಭಾನುವಾರವಾದ್ದರಿಂದ ಫಿಟ್ಟರ್ ಅಲ್ಲೇ ಇದ್ದರು. ಅಜ್ಜಿ ಹೋದ ಮೇಲೂ ಅವರು ಬರುವುದನ್ನು ಬಿಟ್ಟಿರಲಿಲ್ಲ. ಅವರು ಟವೆಲ್ ಬಿಚ್ಚು ಎಂದು ಹೇಳಲಿಲ್ಲ. "ಊಟದ ಹೊತ್ತು ಆಗೈತೆ, ಬರ್ರಿ, ಕೂಡ್ರಿ" ಎಂದು ಸಾಲಿನಲ್ಲಿ ತಮ್ಮ ಪಕ್ಕ ಜಾಗ ಮಾಡಿದರು. ಆತ ಕೂತು ಸುತ್ತ ನೋಡಿದ. ಒಂದು ಕಡೆ ದಲಾಲಿ ಅಜ್ಜ ಎಡಗೈಯಿಂದ ಅನ್ನವನ್ನು ತಗಡಿಗೆ ಒತ್ತಿ ತುತ್ತು ಮಾಡುತ್ತಿದ್ದರು. ಇನ್ನೊಂದು ಕಡೆ ಇಬ್ಬರು ಎರಡು ಕಿವಿಯ ಲೋಟ ಹಿಡಿದಿದ್ದರು. ನಡುಕದ ತಾಯಿಗೆ ನಾನು, ಇದು ಬೇಳೆ ಎಂದು ಹೇಳಿ ಉಣಿಸುತ್ತಿದ್ದೆ. ಯಾರೂ ಆತನ ಕಡೆ ನೋಡಲಿಲ್ಲ. ಎಲ್ಲರಿಗೂ ತಮ್ಮ ತಮ್ಮ ತಟ್ಟೆಯ ಕೆಲಸವೇ ಸಾಕಷ್ಟಿತ್ತು.

ಸ್ವಲ್ಪ ಹೊತ್ತಿಗೆ ಆತ ಟವೆಲನ್ನು ತಾನೇ ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡ. ಫಿಟ್ಟರ್ ಒಂದು ಚಮಚ ತೆಗೆದು, ಅದರ ಚರ್ಮದ ಪಟ್ಟಿಯನ್ನು ಆತನ ಅಂಗೈಯ ಸುತ್ತ ತಂದು, ಹೆಬ್ಬೆರಳಿಗೆ ಒರಗಿಸಿ ಬಿಗಿದರು. ಸರಿಯಾಗಿ ಕೂರಲಿಲ್ಲ, ಅದು ಬೇರೆಯವರ ಕೈಗೆಂದು ಮಾಡಿದ್ದು. ಆದರೂ ಆತ ಒಂದು ತುತ್ತು ಎತ್ತಿದ. ಬಾಗಿಲ ಹತ್ತಿರ ನಿಂತಿದ್ದ ಹೆಂಡತಿ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅಡುಗೆಯಾಕೆ ಅವಳಿಗೂ ಒಂದು ತಟ್ಟೆ ತಂದಿಟ್ಟಳು.

ಊಟವಾದ ಮೇಲೆ ಫಿಟ್ಟರ್ ಕಾಗದ ಹಾಸಿ, "ಕೈ ಇಡು" ಎಂದರು. ಆತ ಬಲಗೈಯನ್ನು ಕಾಗದದ ಮೇಲೆ ಅಗಲವಾಗಿ ಇಟ್ಟ. ಪೆನ್ಸಿಲ್ ಸುತ್ತಲೂ ಹೋಗುವಾಗ ಆತ ಕೇಳಿದ, "ಸ್ವಲ್ಪ ಗಟ್ಟಿ ಮಾಡ್ರಣ್ಣ. ನಮ್ಮನ್ಯಾಗೆ ಉಣ್ಣಾದು ಮುದ್ದಿ."

"ಅಂಗಾರೆ ಬೇರೆ ಅಳತಿ ಬೇಕು" ಎಂದು ಫಿಟ್ಟರ್ ಕಾಗದದ ಮೂಲೆಯಲ್ಲಿ ಮುದ್ದೆ ಎಂದು ಬರೆದುಕೊಂಡರು.